ಹಾ ಅನ್ನು

ಬೇರೆ ಮನೆಗಳಲ್ಲಿ ದುರ್ವಾಸನೆ ಬಂದರೆ ಕಿಟಕಿ ತೆಗೆಯುತ್ತಾರೆ, ಚರಂಡಿ ನೋಡುತ್ತಾರೆ, ಇಲಿ ಸತ್ತಿದೆಯೇನೋ ಎಂದು ಕಪಾಟಿನ ಹಿಂದೆ ಕೋಲು ಆಡಿಸುತ್ತಾರೆ. ಈ ಮನೆಯಲ್ಲಿ ಮಾತ್ರ ದುರ್ವಾಸನೆ ಬಂದರೆ ತಾಯಿಯ ಎದೆ ತಣ್ಣಗಾಗುತ್ತಿತ್ತು. ಮಗಳ ಬಾಯಿಂದ ಕೊಳೆತ ಮೊಟ್ಟೆಯ ನಾತ ಎದ್ದರೆ ಅಂದಿನ ಮಟ್ಟಿಗೆ ದೇವರು ಕಣ್ಣು ಬಿಟ್ಟ ಹಾಗೆ. ನಾತ ಬರದಿದ್ದ ದಿನ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

"ಹಾ ಅನ್ನು."

ಮಗಳು ಬಾಯಿ ತೆರೆಯುತ್ತಿದ್ದಳು. ತಾಯಿ ಬಗ್ಗಿ ಮೂಸುತ್ತಿದ್ದಳು. "ಹೂಂ, ಹೋಗು, ಆಡ್ಕೋ." ಮಗುವಿಗೆ ಮಾತು ಬಂದ ಹೊಸತರಲ್ಲಿ ಶುರುವಾದ ನೇಮ ಇದು. ಎಷ್ಟೋ ದಿನ ಆ ಮಗು ಎಲ್ಲ ಮನೆಗಳಲ್ಲೂ ಅಮ್ಮಂದಿರು ಹೀಗೇ ಮಕ್ಕಳನ್ನು ಮೂಸುತ್ತಾರೆ ಎಂದುಕೊಂಡಿತ್ತು.

ಕಾಯಿಲೆಯ ಹೆಸರು ಉದ್ದವಾಗಿತ್ತು. ಅದನ್ನು ಸರಿಯಾಗಿ ಉಚ್ಚರಿಸುವವರು ಆ ಊರಿನಲ್ಲಿ ಡಾಕ್ಟರಮ್ಮನನ್ನು ಬಿಟ್ಟರೆ ಇನ್ನೊಬ್ಬರು ಇರಲಿಲ್ಲ. ಲಕ್ಷಗಟ್ಟಲೆ ಜನರಲ್ಲಿ ಎಲ್ಲೋ ಒಬ್ಬರಿಗೆ ಬರುವಂಥದ್ದು. ನಮ್ಮ ನಿಮ್ಮ ದೇಹ ತನಗೆ ಬೇಡದ್ದನ್ನು ಹೊರಗೆ ಹಾಕುತ್ತದೆ. ಈ ಹುಡುಗಿಯ ದೇಹ ಅದನ್ನು ಕಣಕಣದಲ್ಲೂ ಹರಳು ಮಾಡಿ ಒಳಗೇ ಪೇರಿಸಿಡುತ್ತಿತ್ತು. ಹರಳು ಮೊದಲು ಮೂತ್ರಪಿಂಡವನ್ನು ತಿನ್ನುತ್ತದೆ, ಜೊತೆಗೆ ಕಣ್ಣನ್ನು, ಆಮೇಲೆ ಒಂದೊಂದನ್ನೇ. "ಇದು ಹುಟ್ಟಿನಿಂದ ಬಂದದ್ದು. ತಂದೆ ಕಡೆಯಿಂದ ಅರ್ಧ, ತಾಯಿ ಕಡೆಯಿಂದ ಅರ್ಧ. ಎರಡೂ ಸೇರಿದ್ದರಿಂದ ಮಗುವಿಗೆ ಬಂತು" ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು. ಅಷ್ಟು ಬಿಡಿಸಿ ಹೇಳಿದ ಮೇಲೂ ನಾದಿನಿ ಬಂದು, "ನಮ್ಮ ಕಡೆ ಏಳು ತಲೆಮಾರಿಂದ ಯಾರಿಗೂ ಇಂಥದ್ದಿಲ್ಲಪ್ಪ" ಎಂದು ರಾಗ ಎಳೆದಿದ್ದಳು. ತಾಯಿ ಬಿಡಲಿಲ್ಲ. "ಹಂಗಾದ್ರೆ ಆ ಇನ್ನರ್ಧ ಎಲ್ಲಿಂದ ಬಂತು ಅಂತ ನಿಮ್ಮಣ್ಣನ್ನೇ ಕೇಳಿ" ಎಂದಿದ್ದಳು. ನಾದಿನಿ ಆಮೇಲೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ, ಅದೊಂದು ಉಪಕಾರವಾಯಿತು.

ಔಷಧಿ ಇತ್ತು. ಅದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಕಟ್ಟಿದ ಹರಳನ್ನು ಕರಗಿಸುತ್ತ ಹೋಗುತ್ತದೆ, ಅಷ್ಟೇ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮತ್ತೆ ನಿದ್ದೆಯಿಂದ ಎಬ್ಬಿಸಿ ಒಮ್ಮೆ, ಹೀಗೆ ದಿನಕ್ಕೆ ನಾಲ್ಕು ಹೊತ್ತು ಬಿಳಿ ಪುಡಿ ತುಂಬಿದ ಕ್ಯಾಪ್ಸೂಲು ನುಂಗಬೇಕು. ತಪ್ಪಿಸದೆ ನುಂಗಿದರೆ ಮೂತ್ರಪಿಂಡ ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ತಪ್ಪಿಸಿದರೆ ಹರಳು ಮತ್ತೆ ಕಟ್ಟುತ್ತದೆ, ತಿಂದದ್ದನ್ನು ವಾಪಸು ಕೊಡುವುದಿಲ್ಲ. ಮದ್ದಿಗೆ ಇದ್ದ ದೋಷ ಒಂದೇ. ನುಂಗಿದ ಅರ್ಧ ಗಂಟೆಗೆಲ್ಲ ಅದು ಉಸಿರಿನಲ್ಲಿ, ಬೆವರಿನಲ್ಲಿ, ಕೂದಲಿನಲ್ಲಿ ನಾರುತ್ತದೆ. ಹಲ್ಲುಜ್ಜಿದರೂ ಹೋಗದು, ಸ್ನಾನ ಮಾಡಿದರೂ ಹೋಗದು. ಒಳಗಿಂದ ಬರುವ ನಾತಕ್ಕೆ ಹೊರಗಿನ ಸೋಪು ಏನು ಮಾಡೀತು?

ತಾಯಿಯದು ಲಾಂಡ್ರಿಯ ಕೆಲಸ. ಹೋಟೆಲುಗಳಿಂದ, ಆಸ್ಪತ್ರೆಗಳಿಂದ ಬರುವ ಹಾಸಿಗೆ ಬಟ್ಟೆಯ ಗಂಟುಗಳನ್ನು ಬಿಚ್ಚಿ, ಯಾವುದು ಯಾವ ನೀರಿಗೆ ಎಂದು ಬೇರೆ ಮಾಡಬೇಕು. ಉಳಿದ ಹೆಂಗಸರು ಕಲೆ ನೋಡಿ ಬೇರೆ ಮಾಡಿದರೆ ಇವಳು ಮೂಸಿಯೇ ಮಾಡುತ್ತಿದ್ದಳು. ಇದು ಎಣ್ಣೆ, ಇದು ಬರೀ ಬೆವರು, ಇದು ಮುಲಾಮು, ಇದಕ್ಕೆ ಕುದಿಯುವ ನೀರೇ ಬೇಕು. ಲಾಂಡ್ರಿಯ ಮಾಲೀಕ ಅವಳಿಗೆ ಮೂಗಿನಕ್ಕ ಎಂದು ಹೆಸರಿಟ್ಟಿದ್ದ. ಹೆಸರು ಕೇಳಿ ಅವಳು ಸಿಟ್ಟಾಗುವ ಬದಲು ಉಬ್ಬಿದಳು. "ನನ್ನ ಕಣ್ಣಿಗೆ ಮಣ್ಣೆರಚಬಹುದು, ಮೂಗಿಗೆ ಯಾರೂ ತುಪ್ಪ ಸವರೋಕಾಗಲ್ಲ" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಮನುಷ್ಯರು ಯಾವುದರ ಮೇಲೆ ಜಂಬ ಪಡುತ್ತಾರೋ ಅದೇ ಅವರಿಗೆ ಕೈಕೊಡುತ್ತದೆ. ಆದರೆ ಇದನ್ನು ಮೊದಲೇ ಹೇಳಿದರೆ ಕೇಳುವವರು ಯಾರು?

ಮಗಳು ಕುಳ್ಳಗೆ ಉಳಿದಳು. ಅದೂ ಕಾಯಿಲೆಯದೇ ಕೊಡುಗೆ. ಅಪ್ಪ ಪ್ರೀತಿಯಿಂದ ಚೋಟು ಎಂದು ಕರೆಯುತ್ತಿದ್ದ. ಶಾಲೆಯವರು ಅಷ್ಟೇ ಸುಲಭವಾಗಿ ಕೊಳೆಮೊಟ್ಟೆ ಎಂದು ಕರೆದರು. ಮಕ್ಕಳ ಬೆಂಚಿನಲ್ಲಿ ಅವಳ ಪಕ್ಕದ ಜಾಗ ಯಾವಾಗಲೂ ಖಾಲಿ, ಪುಸ್ತಕದ ಚೀಲಕ್ಕೆ ಒಳ್ಳೆ ಆಸನವಾಗಿತ್ತು. ಟೀಚರ್ ಒಳ್ಳೆಯವಳೇ, ಏನೂ ಅನ್ನುತ್ತಿರಲಿಲ್ಲ. ಚೋಟು ಒಳಗೆ ಬಂದ ಕೂಡಲೇ ಎದ್ದುಹೋಗಿ ಕಿಟಕಿ ತೆಗೆಯುತ್ತಿದ್ದಳು, ಅಷ್ಟೇ. ಅಳುತ್ತ ಮನೆಗೆ ಬಂದರೆ ತಾಯಿ ಕಣ್ಣೊರೆಸಿ, "ನಾರಿದ್ರೆ ನಾರ್ಲಿ ಬಿಡು. ನಾತ ಇದ್ರೆ ಜೀವ ಇದೆ ಅಂತ ಅರ್ಥ. ನಂಗಂತೂ ಮಲ್ಲಿಗೆ ಥರ ಇದೆ" ಎನ್ನುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ನಿಜ, ಆದರೆ ಹೆಗ್ಗಣ ಬದುಕಬೇಕಾದದ್ದು ಹೆತ್ತವರಲ್ಲದವರ ನಡುವೆ.

ಆ ಹುಡುಗಿಗೆ ಪ್ರಪಂಚದಲ್ಲಿ ಸರಾಗವಾಗಿ ಉಸಿರಾಡುವ ಜಾಗ ಒಂದಿತ್ತು, ಅದು ಅಪ್ಪನ ಪಕ್ಕ. ಅಪ್ಪ ಗ್ಯಾರೇಜಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವವನು. "ಥಿನ್ನರ್ ವಾಸನೆ ಕುಡಿದೂ ಕುಡಿದೂ ನನ್ನ ಮೂಗು ಸತ್ತು ಯಾವ ಕಾಲ ಆಯ್ತೋ! ನನ್ನ ಮುಂದೆ ಗುಲಾಬಿ ಇಟ್ರೂ ಒಂದೇ, ಗೊಬ್ಬರ ಇಟ್ರೂ ಒಂದೇ" ಎಂದು ಅವನು ಮೂಗನ್ನು ಬೆರಳಿನಿಂದ ಟಪ್ಪೆಂದು ಹೊಡೆದು ತೋರಿಸುತ್ತಿದ್ದ. ಸಣ್ಣವಳಿದ್ದಾಗ ಅವನ ತೊಡೆಯ ಮೇಲೆ, ಬೆಳೆದ ಮೇಲೆ ಅವನ ಹೆಗಲಿಗೆ ಹೆಗಲು ತಾಗಿಸಿ ಕೂತು ಟೀವಿ ನೋಡುತ್ತಿದ್ದಳು. ಮೂಗಿಲ್ಲದ ಅಪ್ಪ ಸಿಕ್ಕಿದ್ದು ಅವಳ ಪುಣ್ಯ ಎಂದು ತಾಯಿಯೂ ಅಂದುಕೊಂಡಿದ್ದಳು.

ಮಗಳು ದೊಡ್ಡವಳಾದಳು. ಬೆಳೆದ ಹುಡುಗಿಯ ಬಾಯಿ ತೆರೆಸಿ ಮೂಸುವುದು ತಾಯಿಗೇ ಒಂದು ಥರ ಅನ್ನಿಸತೊಡಗಿತು. ಹೇಳದೆ ಕೇಳದೆ ನೇಮ ಬದಲಾಯಿತು. ಸಂಜೆ ಮಗಳು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ತಾಯಿ ಹೆಗಲ ಮೇಲೆ ಕೈಹಾಕಿ ಹತ್ತಿರ ಎಳೆದುಕೊಳ್ಳುವಳು, ಕಾಲರಿನ ಬಳಿ ಒಮ್ಮೆ ಉಸಿರು ಎಳೆದುಕೊಂಡು ಬಿಟ್ಟುಬಿಡುವಳು. ನೋಡಿದವರು ಎಂಥ ಮುದ್ದು ಎನ್ನಬೇಕು. ಬಾಯಿಯಿಂದ ಕಾಲರಿಗೆ ಇಳಿದದ್ದು ಮಗಳ ಮರ್ಯಾದೆ ಕಾಯುವುದಕ್ಕೆ. ಕೆಟ್ಟದ್ದು ಅಲ್ಲಿಂದಲೇ.

ಹರಳು ಕಣ್ಣಿನಲ್ಲೂ ಇದ್ದುದರಿಂದ ಚೋಟುವಿಗೆ ಬಿಸಿಲು ಆಗುತ್ತಿರಲಿಲ್ಲ, ಬಣ್ಣದ ಗಾಜಿನ ಕನ್ನಡಕ ಬೇಕಾಗುತ್ತಿತ್ತು. ಅದನ್ನು ಮಾಡಿಸಲು ಹೋದ ಅಂಗಡಿಯಲ್ಲೇ ಕೆಲಸ ಸಿಕ್ಕಿತು. ಗಿರಾಕಿಗಳಿಗೆ ಫ್ರೇಮು ಹಾಕಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ, ಮೂಗಿನ ಮೇಲೆ ಸರಿಯಾಗಿ ಕೂತಿದೆಯೇ ನೋಡುವ ಕೆಲಸ. ಮುಖಕ್ಕೂ ಮುಖಕ್ಕೂ ಗೇಣು ಅಂತರ. ತಾಯಿಗೆ ಒಳಗೊಳಗೇ ದಿಗಿಲಾಯಿತು, ಮೂರು ದಿನಕ್ಕೆ ಬಿಡಿಸುತ್ತಾರೆ ಎಂದುಕೊಂಡಳು. ತಿಂಗಳಾಯಿತು, ಬಿಡಿಸಲಿಲ್ಲ. ಮಾಲೀಕನ ಬಾಯಲ್ಲಿ ಅವಳದೇ ಹೊಗಳಿಕೆ. "ಪರವಾಗಿಲ್ವೇ, ಪ್ರಪಂಚದಲ್ಲಿ ಒಳ್ಳೆ ಜನ ಇದಾರೆ" ಎಂದಳು ತಾಯಿ ಗಂಡನಿಗೆ. ಸಂಜೆ ಕಾಲರು ಎಂದಿನಂತೆ ನಾರುತ್ತಿತ್ತಲ್ಲ, ಇನ್ನೇನು ಬೇಕು?

ಮಗಳು ಬದಲಾದಳು. ಕನ್ನಡಿಯ ಮುಂದೆ ನಿಂತು ಹಾಡು ಗುನುಗಿದಳು. ಅಂಗಡಿಯಲ್ಲಿ ಕನ್ನಡಕದ ಗಾಜನ್ನು ಯಂತ್ರಕ್ಕೆ ಹಿಡಿದು ಉಜ್ಜುವ ಹುಡುಗನ ವಿಷಯ ಮಾತಿನ ನಡುವೆ ಬಂದು ಬಂದು ಹೋಯಿತು. ತನ್ನ ದಿಂಬಿನ ಕವರು, ಹೊದಿಕೆ ತಾನೇ ಒಗೆದುಕೊಳ್ಳತೊಡಗಿದಳು. "ನೀನು ದಿನಾ ಊರಿನೋರ ಬಟ್ಟೆ ಒಗೀತೀಯ, ನಂದಾದ್ರೂ ಬಿಡು" ಎಂದಾಗ ತಾಯಿಯ ಕಣ್ಣು ತುಂಬಿ ಬಂತು. ಮಗಳಿಗೆ ಜವಾಬ್ದಾರಿ ಬಂತು ಎಂದು ಲಾಂಡ್ರಿಯಲ್ಲಿ ಎಲ್ಲರಿಗೂ ಹೇಳಿದಳು.

ಒಂದು ಮಧ್ಯಾಹ್ನ ತಾಯಿಯೇ ತನಗೊಂದು ಕನ್ನಡಕ ಬೇಕೆಂದು ಆ ಅಂಗಡಿಗೆ ಹೋದಳು. ಮಗಳು ಒಬ್ಬ ಅಜ್ಜನ ಮುಖದ ಹತ್ತಿರ ಮುಖ ತಂದು ಏನೋ ಹೇಳಿ ನಗುತ್ತಿದ್ದಳು, ಅಜ್ಜ ಬೊಚ್ಚು ಬಾಯಿ ಬಿಟ್ಟು ನಗುತ್ತಿದ್ದ. ಗಾಜು ಉಜ್ಜುವ ಹುಡುಗ ಒಳಗಿನಿಂದ ಬಂದು ಅವಳ ಕಿವಿಯಲ್ಲಿ ಏನೋ ಹೇಳಿ ಹೋದ, ಕಿವಿಯಲ್ಲೇ. ಅಮ್ಮನನ್ನು ಕಂಡು ಮಗಳ ಮುಖ ಒಂದು ಕ್ಷಣ ಬಿಳಿಚಿತು. ಆಮೇಲೆ ಕುರ್ಚಿಯಲ್ಲಿ ಕೂರಿಸಿ, ತಾನೇ ಫ್ರೇಮು ಹಾಕಿ, ಕಡ್ಡಿ ಸರಿಮಾಡಿದಳು. ಗೇಣು ಅಂತರದಲ್ಲಿ ಮಗಳ ಮುಖ. ಏನೂ ವಾಸನೆಯಿಲ್ಲ. ಮಧ್ಯಾಹ್ನದ್ದು ಇನ್ನೂ ನುಂಗಿಲ್ಲವೇನೋ, ಬೆಳಗಿನದು ಇಳಿದಿರಬೇಕು ಎಂದು ತಾಯಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮನಸ್ಸಿಗೆ ಬೇಡದ್ದನ್ನು ಮೂಗು ಹೇಳಿದರೂ ಅಷ್ಟೇ, ಕಣ್ಣು ಹೇಳಿದರೂ ಅಷ್ಟೇ. ಮನೆಗೆ ಹೋಗುವಾಗ ಹೊಸ ಕನ್ನಡಕದಲ್ಲಿ ಅಂಗಡಿ ಬೋರ್ಡುಗಳೆಲ್ಲ ಸ್ಪಷ್ಟವಾಗಿ ಕಂಡವು. ಕನ್ನಡಕ ಬಂತು, ಕಣ್ಣು ಬರಲಿಲ್ಲ.

ಅದು ಬಂದದ್ದು ತಾಯಿಗೆ ಜ್ವರ ಹತ್ತಿದ ಒಂದು ದಿನ. ತಾಯಿ ಲಾಂಡ್ರಿಗೆ ಹೋಗದೆ ಮನೆಯಲ್ಲೇ ಉಳಿದಿದ್ದಳು. ಕಿಟಕಿಯ ಹತ್ತಿರ ಗಾಳಿ ಬರುತ್ತದೆಂದು ಮಗಳ ಮಂಚದಲ್ಲಿ ಮಲಗಿದಳು, ಮಗಳ ದಿಂಬಿಗೆ ತಲೆಯಿಟ್ಟಳು. ಇಟ್ಟವಳು ಎದ್ದು ಕೂತಳು.

ದಿಂಬಿನಲ್ಲಿ ಎಣ್ಣೆಯ ವಾಸನೆ ಇತ್ತು, ಸೋಪಿನ ವಾಸನೆ ಇತ್ತು. ಒಂದು ಹುಡುಗಿಯ ತಲೆಗೂದಲಿನ ಬೆಚ್ಚನೆಯ ವಾಸನೆ ಇತ್ತು. ಅಷ್ಟೇ ಇತ್ತು. ಕವರು ಕಿತ್ತು ಒಳಗಿನ ಹತ್ತಿಗೆ ಮೂಗು ಹಚ್ಚಿದಳು. ಹೊದಿಕೆ, ಹಾಸಿಗೆ, ಬಾಚಣಿಗೆ ಮೂಸಿದಳು. ಮೈಯಲ್ಲಿ ನಾತ ಇದ್ದವರ ದಿಂಬಿನ ಹತ್ತಿ ನಾರದೆ ಇರುವುದಿಲ್ಲ, ಎಷ್ಟು ಕವರು ಒಗೆದರೂ ಇಲ್ಲ. ಇದು ಅವಳ ಕಸುಬು, ಅವಳಿಗೆ ಗೊತ್ತು. ಹಾಗಾದರೆ ಸಂಜೆ ಸಂಜೆ ಕಾಲರಿನಲ್ಲಿ ಇದ್ದದ್ದು? ಕಪಾಟಿನಲ್ಲಿದ್ದ ನಿನ್ನೆಯ ಅಂಗಿ ತೆಗೆದಳು. ಕಾಲರು ನಾರುತ್ತಿತ್ತು, ಕಂಕುಳು ಸ್ವಚ್ಛ. ಕಾಲರನ್ನು ಹೊಸ ಕನ್ನಡಕದ ಹತ್ತಿರ ಹಿಡಿದು ನೋಡಿದಳು. ಹೊಲಿಗೆಯ ಸಂದಿಯಲ್ಲಿ ಬಿಳಿ ಪುಡಿ.

ವಾಸನೆ ನಿಜವಾದದ್ದೇ. ಇದ್ದ ಜಾಗ ಮಾತ್ರ ಸುಳ್ಳು.

ಸಂಜೆ ಮಗಳು ಬಂದು ಚಪ್ಪಲಿ ಬಿಟ್ಟು, ಅಭ್ಯಾಸದಂತೆ ಹೆಗಲು ಒಡ್ಡಿದಳು.

"ಕಾಲರ್ ಬೇಡ" ಎಂದಳು ತಾಯಿ. "ಹಾ ಅನ್ನು."

ಮಗಳು ನಗಲು ನೋಡಿದಳು. "ನಾನೇನು ಮಗುನಾ ಅಮ್ಮ?"

"ಹಾ ಅನ್ನು."

ಪೆಪ್ಪರ್‌ಮಿಂಟಿನ ವಾಸನೆ ಬಂತು. ತಾಯಿಯ ಕೈ ತನ್ನಷ್ಟಕ್ಕೆ ಎದ್ದು ಮಗಳ ಕೆನ್ನೆಗೆ ಬಾರಿಸಿತು. ಹುಟ್ಟಿದಾಗಿನಿಂದ ಹೊಡೆದಿರಲಿಲ್ಲ.

"ಯಾವಾಗಿಂದ?"

"ಅಂಗಡಿಗೆ ಸೇರಿದಾಗಿಂದ." ಮಗಳು ಅಳಲಿಲ್ಲ. "ಬೆಳಿಗ್ಗೆ ನೀನು ಮೊದಲು ಹೋಗ್ತೀಯ, ಮಧ್ಯಾಹ್ನ ನಾನು ಅಂಗಡೀಲಿ. ಉಳಿದದ್ದು ನಾಲಿಗೆ ಕೆಳಗೆ ಇಟ್ಕೊಂಡು ಸಿಂಕಿಗೆ ಉಗೀತಿದ್ದೆ. ಸಂಜೆ ಬಾಗಿಲ ಹತ್ರ ಒಂದು ಕ್ಯಾಪ್ಸೂಲ್ ಒಡೆದು ಒಂಚೂರು ಪುಡಿ ಕಾಲರ್‌ಗೆ ಹಚ್ಕೊಂಡು ಒಳಗೆ ಬರ್ತಿದ್ದೆ."

"ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅಂತ, ಅಲ್ವಾ? ಹೆತ್ತ ತಾಯಿ ಹತ್ರ!"

"ಅಮ್ಮ, ಅಂಗಡೀಲಿ ಜನ ನನ್ನ ಮುಖದ ಹತ್ರ ಮುಖ ತರ್ತಾರೆ. ಯಾರೂ ಹಿಂದೆ ಸರಿಯಲ್ಲ. ಅದು ಏನು ಅಂತ ನಿಂಗೆ ಗೊತ್ತಾ? ನಾನು ಹುಟ್ಟಿದಾಗಿಂದ ನೋಡಿರೋದು ಒಂದೇ, ಎದುರಿಗೆ ಇರೋರು ಒಂದು ಹೆಜ್ಜೆ ಹಿಂದೆ ಹೋಗೋದು."

"ಸಾಯ್ತೀಯ ಕಣೇ!"

"ಗೊತ್ತು. ಈಗಲೇ ಅಲ್ವಲ್ಲ."

ಕೆಲವು ಮಾತುಗಳನ್ನು ಆಸ್ಪತ್ರೆಗೇ ಕರೆದುಕೊಂಡು ಹೋಗಬೇಕಾಗುತ್ತದೆ. ಡಾಕ್ಟರಮ್ಮ ರಕ್ತ ತೆಗೆಸಿದಳು, ಕಾಗದ ನೋಡಿದಳು. "ಹೋಗಿರೋದು ಹೋಯ್ತಮ್ಮ. ಕಿಡ್ನಿ ಉಳಿದಿರೋದು ಕಾಲು ಭಾಗಾನೂ ಇಲ್ಲ. ಇವತ್ತಿಂದ ಒಂದೂ ತಪ್ಪದೆ ನುಂಗಿದ್ರೆ ಅದನ್ನ ಉಳಿಸ್ಕೋಬಹುದು. ಮತ್ತೆ ಬಿಟ್ಟರೆ ಡಯಾಲಿಸಿಸ್ ಮೆಷಿನ್ನಿಗೆ ಕಟ್ಟಬೇಕು, ಅಷ್ಟೇ." ಮಗಳು ತನ್ನದಲ್ಲದ ಯಾರದೋ ವಿಷಯ ಕೇಳುವ ಹಾಗೆ ಕೇಳಿದಳು. ಹೊರಗೆ ಬಂದು ತಾಯಿ ಕಾರಿಡಾರಿನ ಬೆಂಚಿನಲ್ಲಿ ಕೂತಳು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು ಅವಳ ಮೂಗಿನ ಕಾವಲು.

ಮತ್ತೆ ಕ್ಯಾಪ್ಸೂಲು ಶುರುವಾಯಿತು. ಮಗಳು ಅಂಗಡಿಗೆ ಹೋದಳು. ಮಾಲೀಕ ಸಜ್ಜನ, ಮುಖ ಸಿಂಡರಿಸಲಿಲ್ಲ, ಮೂಗು ಮುರಿಯಲಿಲ್ಲ. "ಒಳಗಡೆ ಸ್ಟಾಕ್ ಜೋಡಿಸಮ್ಮ, ಅಲ್ಲಿ ಫ್ಯಾನ್ ಇದೆ" ಎಂದ. ಗಾಜು ಉಜ್ಜುವ ಹುಡುಗ ಅದೇ ಒಳಕೋಣೆಯಲ್ಲಿ ಕೂರುವವನು. ಅವನು ತನ್ನ ಯಂತ್ರವನ್ನು ಬಾಗಿಲ ಕಡೆಗೆ ಎಳೆದುಕೊಂಡ, ಬೆಳಕು ಸಾಲದು ಎಂದ. ವಾರ ತುಂಬುವ ಮೊದಲೇ ಚೋಟು ಕೆಲಸ ಬಿಟ್ಟಳು. ಕೆಟ್ಟವರು ಬೈದರೆ ತಿರುಗಿ ಬೈಯಬಹುದು, ಒಳ್ಳೆಯವರು ಫ್ಯಾನು ಹಾಕಿದರೆ ಏನು ಮಾಡುವುದು?

ಮನೆಯಲ್ಲಿ ತಾಯಿ ಪೊಲೀಸಿನವಳಾದಳು. ಲಾಂಡ್ರಿಗೆ ತಡವಾಗಿ ಹೋದಳು, ಮಧ್ಯಾಹ್ನ ಓಡಿ ಬಂದಳು. ಎದುರು ನಿಂತು ನುಂಗಿಸಿದಳು, ನಾಲಿಗೆ ಎತ್ತಿಸಿ ನೋಡಿದಳು, ಕೆನ್ನೆಯ ಸಂದಿಗೆ ಬೆರಳು ಹಾಕಿದಳು, ಅರ್ಧ ಗಂಟೆ ಬಿಟ್ಟು "ಹಾ ಅನ್ನು" ಎಂದು ಮೂಸಿದಳು. ಮಗಳು ಬಾಯಿ ತೆರೆಯುತ್ತಿದ್ದಳು, ಮಾತಿಗೆ ಮಾತ್ರ ತೆರೆಯುತ್ತಿರಲಿಲ್ಲ. ಸಂಜೆಯಾಗುವುದನ್ನೇ ಕಾದು, ಅಪ್ಪ ಬಂದ ಮೇಲೆ ಅವನ ಹೆಗಲಿಗೆ ಹೆಗಲು ತಾಗಿಸಿ ಟೀವಿಯ ಮುಂದೆ ಕೂರುವಳು. ಒಂದು ದಿನ ತಾಯಿ, "ನಿನ್ನ ಒಳ್ಳೇದಕ್ಕೇ ಅಲ್ವೇನೇ ನಾನು ಸಾಯ್ತಿರೋದು" ಎಂದಾಗ ಮಾತ್ರ ಉತ್ತರ ಬಂತು.

"ಒಂದು ದಿನ ನೀನು ನುಂಗಿ ಆಚೆ ಹೋಗು. ಆಮೇಲೆ ಬಂದು ಒಳ್ಳೇದು ಅನ್ನು."

ಮಾತು ಮುಳ್ಳಿನಂತೆ ಕೂತಿತು. ಮಾರನೆಯ ಬೆಳಿಗ್ಗೆ ಮಗಳಿಗೆ ಕೊಟ್ಟು, ಮೂಸಿ, ಅವಳು ಕೋಣೆಗೆ ಹೋದ ಮೇಲೆ ತಾಯಿ ಡಬ್ಬಿಯಿಂದ ಮಗಳ ಒಂದು ಹೊತ್ತಿನಷ್ಟು ಕ್ಯಾಪ್ಸೂಲು ತೆಗೆದು ತಾನು ನುಂಗಿದಳು. ಇಷ್ಟು ವರ್ಷ ಕೊಟ್ಟ ಕೈಗೆ ಅದರ ರುಚಿ ಗೊತ್ತಿರಲಿಲ್ಲ. ಬಸ್ಸು ಹತ್ತಿ ಕೂತಳು. ಪಕ್ಕದ ಹೆಂಗಸು ಚೀಲದಲ್ಲಿ ಏನೋ ಹುಡುಕುವವಳ ಹಾಗೆ ಎದ್ದು, ಮುಂದೆ ಹೋಗಿ ನಿಂತಳು. ಬಸ್ಸು ತುಂಬಿತು, ಆ ಸೀಟು ತುಂಬಲಿಲ್ಲ.

ಲಾಂಡ್ರಿಯಲ್ಲಿ ಇನ್ನೂ ಚೆಂದ. "ಏನೋ ಸತ್ತಿದೆ ಇಲ್ಲಿ" ಎಂದಳು ಒಬ್ಬಳು. "ಆಸ್ಪತ್ರೆ ಗಂಟಲ್ಲಿ ಏನಾದ್ರೂ ಬಂದಿರತ್ತೆ" ಎಂದಳು ಇನ್ನೊಬ್ಬಳು. ಗಂಟುಗಳನ್ನೆಲ್ಲ ಬಿಚ್ಚಿದರು. ಮಾಲೀಕ ಕರವಸ್ತ್ರ ಹಿಡಿದುಕೊಂಡು ಬಂದು, "ಮೂಗಿನಕ್ಕ, ನೀವಿದ್ದೂ ಹಿಂಗಾ? ಎಲ್ಲಿಂದ ಬರ್ತಿದೆ, ಹುಡುಕಿ ನೋಡೋಣ" ಎಂದ.

ಅವಳು ಹುಡುಕಿದಳು. ಒಂದೊಂದು ಗಂಟಿನ ಮುಂದೆಯೂ ಬಗ್ಗಿ ಮೂಸಿದಳು. ಅವಳು ಹೋದ ಗಂಟಿನಿಂದ ಹೆಂಗಸರು ಹಿಂದೆ ಸರಿದರು, ಅವಳು ಆ ಕಡೆ ಹೋದರೆ ಅವರು ಈ ಕಡೆ. ಒಬ್ಬೊಬ್ಬರಿಗೇ ಅರ್ಥವಾಗುತ್ತ ಬಂದದ್ದು ಅವರ ಮುಖದಲ್ಲಿ ಕಂಡಿತು, ಆದರೆ ಯಾರೂ ಬಾಯಿಬಿಡಲಿಲ್ಲ. ಹಳೆಯ ಗೆಳತಿಯೊಬ್ಬಳು ಎದ್ದುಹೋಗಿ ಕಿಟಕಿ ತೆಗೆದಳು. ಅದಕ್ಕಿಂತ ಅವಳಿಗೆ ದಿಗಿಲಾದದ್ದು ಇನ್ನೊಂದು. ಯಾವ ಗಂಟಿನಲ್ಲೂ ಅವಳಿಗೆ ಏನೂ ಗೊತ್ತಾಗಲಿಲ್ಲ. ಎಣ್ಣೆಯಿಲ್ಲ, ಬೆವರಿಲ್ಲ, ಮುಲಾಮಿಲ್ಲ. ಮೂಗಿನ ತುಂಬ ತನ್ನದೇ ನಾತ.

ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಬೇಗ ಹೊರಟಳು. ಬಸ್ಸು ಹತ್ತುವ ಧೈರ್ಯವಾಗದೆ ನಡೆದೇ ಬಂದಳು. ದಾರಿಯುದ್ದಕ್ಕೂ ಅಳು. ಒಂದೇ ದಿನಕ್ಕೆ ತನಗೆ ಸತ್ತುಹೋಗುವಂತೆ ಆಗಿತ್ತು, ಆ ಕೂಸು ಹುಟ್ಟಿದಾಗಿನಿಂದ ಇದರಲ್ಲೇ ಬದುಕಿತ್ತಲ್ಲ! ಇವತ್ತು ಮಗಳನ್ನು ಕೂರಿಸಿಕೊಂಡು ಹೇಳಿಬಿಡಬೇಕು, ನಂಗೆ ಗೊತ್ತಾಯ್ತು ಕಣೇ, ಇನ್ಮೇಲೆ ನಿನ್ನನ್ನ ಮೂಸಲ್ಲ, ನಂಬ್ತೀನಿ ಅಂತ. ಬೆಳಗ್ಗೆಯಿಂದ ಕೋಣೆಯಿಂದ ಹೊರಗೆ ಬಾರದ ಮಗಳಿಗೆ ಮಧ್ಯಾಹ್ನದ್ದನ್ನು ಬಾಗಿಲಲ್ಲೇ ಕೊಟ್ಟು, ತಾನೂ ಬೆಳಗಿನಷ್ಟೇ ತೆಗೆದು ನುಂಗಿದಳು, ಮಾತು ಸಂಜೆಗಿರಲಿ ಎಂದುಕೊಂಡಳು. ಪೂರ್ತಿ ದಿನ ಎಂದರೆ ಪೂರ್ತಿ ದಿನ.

ಸಂಜೆ ಮಗಳು ಟೀವಿಯ ಮುಂದೆ ಕೂತಿದ್ದಾಗ ಗಂಡ ಬಂದ. ಬಾಗಿಲು ತೆರೆದ ಹೆಂಡತಿಯ ಮುಂದೆ ನಿಂತ, ಹುಬ್ಬು ಗಂಟಿಕ್ಕಿದ.

"ಏನೇ ಇದು? ನೀನೂ ನುಂಗಿದೀಯಾ?"

ಮಾತು ಆಡಿದ ಮೇಲೆ ಅವನಿಗೆ ಅರಿವಾಯಿತು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಟೀವಿಯಲ್ಲಿ ಯಾರೋ ನಗುತ್ತಿದ್ದರು. ಮಗಳು ಅದನ್ನು ಆರಿಸಿದಳು.

"ಅಪ್ಪ, ನಿಂಗೆ ವಾಸನೆ ಬರತ್ತಾ?"

"ಇಲ್ಲಮ್ಮ… ಅದು… ಯಾವಾಗಾದ್ರೂ ಒಂದೊಂದ್ಸಲ…"

"ಮೊದಲಿಂದ್ಲೂ ಬರ್ತಿತ್ತಾ?"

ಅವನು ಊಟದ ಡಬ್ಬಿಯ ಚೀಲವನ್ನು ಎಲ್ಲಿಡುವುದೆಂದು ನೋಡುವವನಂತೆ ಕೋಣೆಯನ್ನೆಲ್ಲ ನೋಡಿದ. ಅದನ್ನು ತೂಗುಹಾಕುವ ಮೊಳೆ ಇಪ್ಪತ್ತು ವರ್ಷದಿಂದ ಒಂದೇ ಕಡೆ ಇತ್ತು. ಮಗಳಿಗೆ ಉತ್ತರ ಸಿಕ್ಕಿತು. ಕುರ್ಚಿಯನ್ನು ಸದ್ದಿಲ್ಲದೆ ಅಪ್ಪನ ಕುರ್ಚಿಯಿಂದ ದೂರಕ್ಕೆ, ಗೋಡೆಯ ತನಕ ಎಳೆದುಕೊಂಡಳು. ತಾಯಿಯ ಕರುಳು ಕಿತ್ತು ಬಂತು. ಆ ಹುಡುಗಿಗೆ ಉಳಿದಿದ್ದ ಒಂದೇ ಜಾಗವನ್ನೂ ತಾನೇ ಕಿತ್ತುಕೊಂಡ ಹಾಗಾಯಿತಲ್ಲ! ಹೇಳಬೇಕೆಂದುಕೊಂಡು ಬಂದ ಮಾತನ್ನೆಲ್ಲ ಬಿಟ್ಟು ಡಬ್ಬಿಯ ಕಡೆ ಹೋದಳು.

ಹೊತ್ತಾಗಿತ್ತು. ಕ್ಯಾಪ್ಸೂಲು ತೆಗೆದು ಮಗಳ ಅಂಗೈಗೆ ಹಾಕಿದಳು. ಮಗಳು ಅದನ್ನು ತೆಗೆದುಕೊಂಡು ನೀರು ಕುಡಿಯಲು ಅಡುಗೆಮನೆಗೆ ಹೋದಳು. ಹಿಂದೆ ಹೋಗಬೇಕಿತ್ತು. ಇವತ್ತು ಹೋಗುವ ಮುಖ ತಾಯಿಗೆ ಇರಲಿಲ್ಲ. ನಲ್ಲಿಯ ಸದ್ದು ಕೇಳಿಸಿತು, ಸ್ವಲ್ಪ ಹೆಚ್ಚು ಹೊತ್ತೇ ಕೇಳಿಸಿತು.

ಮೂವರೂ ಊಟ ಮಾಡಿದರು. ತಾಯಿ ತಾನು ಕೊಟ್ಟ ಮಾತನ್ನು, ಯಾರಿಗೂ ಕೇಳಿಸದಂತೆ ದಾರಿಯಲ್ಲಿ ಕೊಟ್ಟ ಮಾತನ್ನು, ಗಟ್ಟಿಯಾಗಿ ಹಿಡಿದುಕೊಂಡು ಕೂತಳು. ನಂಬ್ತೀನಿ, ನಂಬ್ತೀನಿ. ಆದರೆ ಆ ನಲ್ಲಿ ಯಾಕೆ ಅಷ್ಟು ಹೊತ್ತು ಹರಿಯಿತು? ಕಾಲು ಭಾಗಾನೂ ಇಲ್ಲ ಎಂದಿದ್ದಳು ಡಾಕ್ಟರಮ್ಮ. ಮಗಳು ಕೈತೊಳೆದು ಬರುವಾಗ ಅವಳಿಗೆ ತಡೆಯಲಾಗಲಿಲ್ಲ.

"ಹಾ ಅನ್ನು."

ಮಗಳು ನಿಂತಳು. ಅಮ್ಮನ ಮುಖವನ್ನು ನೋಡಿ, ಬಾಯಿ ತೆರೆದಳು. ತಾಯಿ ಬಗ್ಗಿ ಮೂಸಿದಳು. ಇತ್ತು, ನಾತ ಇತ್ತು. ಮಗಳದೋ, ತನ್ನದೋ? ಇನ್ನೂ ಹತ್ತಿರ ಹೋದಳು. ಮುಖ ಆಚೆ ತಿರುಗಿಸಿ ಉಸಿರು ಬಿಟ್ಟು, ಮತ್ತೆ ಮೂಸಿದಳು. ಗೋಡೆಯೂ ಅದೇ, ಗಾಳಿಯೂ ಅದೇ, ಮಗಳೂ ಅದೇ.

"ನಂಗೆ ಗೊತ್ತಾಗ್ತಿಲ್ಲ" ಎಂದಳು. ಗಂಡನ ಕಡೆ ತಿರುಗಿದಳು. "ರೀ, ನೀವು ನೋಡಿ. ಈಗ ನಿಮಗೆ ಮೂಗು ಇದೆಯಲ್ಲ. ನೀವು ನೋಡಿ."

"ಬೇಡ ಬಿಡೇ."

"ನೋಡ್ರೀ! ನುಂಗಿದಾಳೋ ಇಲ್ವೋ ಅಂತ ನಂಗೆ ಗೊತ್ತಾಗಬೇಕು."

ಮಗಳು ತಾನೇ ಹೋಗಿ ಅಪ್ಪನ ಮುಂದೆ ನಿಂತಳು. ಅಮ್ಮನ ಮುಂದೆ ದಿನವೂ ತೆರೆದ ಬಾಯಿಯನ್ನು ಅವನ ಮುಂದೆ ಎಂದೂ ಹಾಗೆ ತೆರೆದಿರಲಿಲ್ಲ. ಕಣ್ಣು ಮುಚ್ಚಿಕೊಂಡು ಹಾ ಅಂದಳು. ಅವನು ಅವಳ ಎರಡೂ ಕೆನ್ನೆ ಹಿಡಿದು ಹತ್ತಿರ ಎಳೆದುಕೊಂಡ. ನಿಧಾನವಾಗಿ ಉಸಿರು ಎಳೆದುಕೊಂಡ, ಹಿಂದೆ ಸರಿಯಲಿಲ್ಲ.

"ಏನೂ ವಾಸನೆ ಇಲ್ಲ ಕಣೋ ಚೋಟು" ಎಂದ. "ಏನೇನೂ ಇಲ್ಲ."

ಮಗಳು ಕಣ್ಣು ತೆರೆದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಬಂತು. ಕುರ್ಚಿಯನ್ನು ಗೋಡೆಯಿಂದ ಎಳೆದು ತಂದು ಅಪ್ಪನ ಪಕ್ಕ ಹಾಕಿಕೊಂಡು, ಅವನ ಹೆಗಲಿಗೆ ತಲೆಯಿಟ್ಟಳು.

"ನಿಜ ಹೇಳಿ" ಎಂದಳು ತಾಯಿ. "ನಿಮಗೆ ಕೈ ಮುಗೀತೀನಿ. ನಿಜ ಹೇಳಿ."

"ಹೇಳಿದೆನಲ್ಲ. ಏನೂ ಇಲ್ಲ" ಎಂದ ಅವನು, ಮಗಳ ತಲೆ ಸವರುತ್ತ, ಹೆಂಡತಿಯ ಕಡೆ ನೋಡದೆ.

ಅದು ಮಗಳ ಮೇಲಿನ ಮುದ್ದಿಗೆ ಆಡಿದ ಹಳೆಯ ಸುಳ್ಳೋ, ಅಥವಾ ನಿಜವಾಗಿಯೂ ಏನೂ ಇಲ್ಲವೋ? ಆ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಮಾತು ಅದು, ಎಲ್ಲಕ್ಕಿಂತ ಕೆಟ್ಟ ಸುದ್ದಿಯೂ ಅದೇ. ಇನ್ನೊಂದು ಸಲ ಕೊಡೋಣವೆಂದರೆ, ನುಂಗಿದ್ದರೆ ಹೆಚ್ಚಾಗುತ್ತದೆ. ಸುಮ್ಮನಿರೋಣವೆಂದರೆ, ನುಂಗಿರದಿದ್ದರೆ ಇರುವ ಕಾಲು ಭಾಗವೂ ಹೋಗುತ್ತದೆ. ತಾಯಿ ಅಡುಗೆಮನೆಗೆ ಹೋದಳು. ದೀಪ ಹಾಕಿ, ಕನ್ನಡಕ ಹಾಕಿಕೊಂಡು ಸಿಂಕಿನೊಳಗೆ ಬಿಳಿ ಪುಡಿ ಹುಡುಕಿದಳು. ನೀರು ಎಲ್ಲವನ್ನೂ ತೊಳೆದಿತ್ತು. ಬಗ್ಗಿ, ಜಾಲರಿಗೆ ಮೂಗು ಹಚ್ಚಿ ಮೂಸಿದಳು. ಅಲ್ಲೂ ಅವಳದೇ ನಾತವಿತ್ತು.